ರಾಚಪ್ಪನ ಗೋಡೆಗೆ ಹಿಡಿದ ಒಂದೇ ಮೊಳೆ

ಮೊದಲೇ ಹೇಳಿಬಿಡುತ್ತೇನೆ, ನಡುವೆ ಬಾಯಿ ಹಾಕಿದರೆ ನನಗೆ ಸಿಟ್ಟು ಬರುತ್ತದೆ. ಕಮತಗಿಯಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡು ಕೂತವನು ನಾನು, ಈರಪ್ಪ. ಮುಂಜಾನೆಯಿಂದ ಸಂಜೆಯವರೆಗೆ ಗಿರಾಕಿಗಳು ಹೇಳಿದ್ದನ್ನು ಕೇಳುವುದೇ ನನ್ನ ಹಣೆಬರಹ. ಇವತ್ತು ನಾನು ಹೇಳುತ್ತೇನೆ, ನೀವು ಕೇಳಿ. ಹೇಳಬೇಕಾದದ್ದು ನಮ್ಮಕ್ಕ ಶಿವಲಿಂಗವ್ವನ ಗಂಡ ರಾಚಪ್ಪನ ಸಂಗತಿ. ಅಕ್ಕನ ಗಂಡನಿಗೆ ನಮ್ಮ ಕಡೆ ಮಾಮಾ ಎನ್ನುತ್ತೇವೆ. ಈ ಮಾಮಾನಂಥ ಇನ್ನೊಬ್ಬ ಮೊಂಡನನ್ನು ಹುನಗುಂದ ತಾಲೂಕಿನಲ್ಲಿ ಹುಡುಕಿ ತಂದರೆ ಒಂದು ಪೆಂಟಿ ಬೆಲ್ಲ ಪುಕ್ಕಟೆ ಕೊಡುತ್ತೇನೆ. ಇದುವರೆಗೆ ಯಾರೂ ತಂದಿಲ್ಲ.

ಮಾಮಾ ಆಳು ಎತ್ತರ, ಮೀಸೆ ಅದಕ್ಕಿಂತ ಎತ್ತರ, ತಲೆಯ ಮೇಲೆ ದಿನಾ ಒಗೆದು ಸುತ್ತಿದ ಬಿಳಿ ರುಮಾಲು. ಹರೆಯವೆಲ್ಲ ಕಳೆದದ್ದು ಕೃಷ್ಣಾ ಹೊಳೆಗೆ ಆಣೆಕಟ್ಟು ಕಟ್ಟುವಲ್ಲಿ. ಅಲ್ಲಿ ಏನು ಕೆಲಸ ಎಂದು ಕೇಳಿದರೆ, “ಹೊಳಿ ನಿಂದರಸೂ ಕೆಲಸ” ಎನ್ನುತ್ತಿದ್ದ. ಖರೆ ಹೇಳಬೇಕೆಂದರೆ ಸಿಮೆಂಟಿನ ಗೋದಾಮು ಕಾಯುತ್ತಿದ್ದ. ಆದರೂ ಅಲ್ಲಿ ಕಣ್ಣಿನಿಂದ ಕಂಡದ್ದು ಅವನ ತಲೆಯೊಳಗೆ ಇಳಿದು ಗಟ್ಟಿಯಾಗಿ ಕೂತಿತ್ತು. ಹಲಗೆ ಕಟ್ಟಿ, ನಡುವೆ ಕಾಂಕ್ರೀಟು ಸುರಿದು, ಹಲಗೆ ಬಿಚ್ಚಿದರೆ ಅಖಂಡ ಗೋಡೆ, ಸಂದಿಲ್ಲ, ಬಿರುಕಿಲ್ಲ. ಊರಿಗೆ ಬಂದಾಗಲೆಲ್ಲ ಚಹಾದ ಅಂಗಡಿಯಲ್ಲಿ ಅದೇ ಪುರಾಣ. “ಸಿಮೆಂಟಿಗೆ ಒಮ್ಮೆ ನೀರು ತೋರಿಸಿದ್ರ ಮುಗೀತ್ರಿ. ಆಮ್ಯಾಲೆ ಅದು ಯಾರಪ್ಪನ ಮಾತೂ ಕೇಳೂದಿಲ್ಲ.” ಈ ಮಾತನ್ನು ಎಷ್ಟು ಸಲ ಹೇಳಿದ್ದನೆಂದರೆ, ಅವನು “ಸಿಮೆಂಟಿಗೆ” ಎಂದ ಕೂಡಲೆ ಉಳಿದದ್ದನ್ನು ಚಹಾದವನೇ ಪೂರಾ ಮಾಡುತ್ತಿದ್ದ.

ಅವನ ಮನೆ ಮಾತ್ರ ಊರಿನ ಎಲ್ಲ ಮನೆಗಳಂತೆ ಕಲ್ಲು ಮಣ್ಣಿನದು. ಪಕ್ಕದ ಮನೆ ಬಡಿಗ ಮುರ್ತುಜಸಾಬನದು. ಎರಡೂ ಮನೆಯ ಅಡುಗೆಮನೆಗಳ ನಡುವೆ ಒಂದೇ ಗೋಡೆ, ಆ ಗೋಡೆಯಲ್ಲಿ ಎದೆಮಟ್ಟಕ್ಕೆ ಒಂದು ಕಿಂಡಿ. ಯಾವ ಕಾಲದ ಹಿರಿಯರು ಒಂದು ಕಲ್ಲು ಕಿತ್ತು ಮಾಡಿದ್ದರೋ ಏನೋ. ಈ ಕಡೆ ನಮ್ಮಕ್ಕ, ಆ ಕಡೆ ಮುರ್ತುಜಸಾಬನ ಹೆಂಡತಿ ಅಲೀಮಾ. ಕಿಂಡಿಯಲ್ಲಿ ಒಲೆಗೆ ಕೆಂಡ ದಾಟುತ್ತಿತ್ತು, ಮಜ್ಜಿಗೆ ದಾಟುತ್ತಿತ್ತು, ಕರಿಬೇವು ದಾಟುತ್ತಿತ್ತು, ಇವೆಲ್ಲಕ್ಕಿಂತ ಹೆಚ್ಚಾಗಿ ಮಾತು ದಾಟುತ್ತಿತ್ತು. ನಮ್ಮಕ್ಕನಿಗೆಂದೇ ಅಲೀಮಾ ಮಾಂಸ ಸೋಕದ ಒಂದು ಗಡಿಗೆ ಬೇರೆ ಇಟ್ಟಿದ್ದಳು. ಮಾಮಾ ಆಣೆಕಟ್ಟಿಗೆ ಹೋಗುವಾಗ ಪ್ರತಿ ಸಲ ಒಂದೇ ಹುಕುಂ ಕೊಟ್ಟು ಹೋಗುತ್ತಿದ್ದ: “ಮನಿ ಮನಿ ತಿರಗಬ್ಯಾಡ.” ಅಕ್ಕ ತಿರುಗಲಿಲ್ಲ. ತಿರುಗುವ ಜರೂರೇ ಇರಲಿಲ್ಲ, ಕಿಂಡಿ ಇತ್ತಲ್ಲ!

ಈಗ ಒಂದು ಗುಟ್ಟು. ಹೊಳೆ ನಿಲ್ಲಿಸಿದ ಈ ರಾಚಪ್ಪನಿಗೆ ಹಲ್ಲಿ ಕಂಡರೆ ಜೀವ ಹೋಗುತ್ತಿತ್ತು. ಹಾವಿಗೆ ಅಂಜುವವನಲ್ಲ, ಚೇಳನ್ನು ಕಾಲಲ್ಲೇ ತುಳಿದವನು. ಗೋಡೆಯ ಮೇಲೆ ಒಂದು ಹಲ್ಲಿ ಕಂಡಿತೋ, ಮಂಚ ಹತ್ತಿ ಧೋತರ ಮೇಲೆತ್ತಿಕೊಂಡು ನಿಲ್ಲುತ್ತಿದ್ದ. ಆಗ ಅಕ್ಕ ಕಿಂಡಿಗೆ ಬಾಯಿಟ್ಟು, “ಅಲೀಮಾ, ನಿಮ್ಮ ಮನಿಯವರನ್ನ ಕಳಸವಾ” ಎನ್ನುತ್ತಿದ್ದಳು. ಮುರ್ತುಜಸಾಬ ಟವೆಲು ಹೆಗಲಿಗೆ ಹಾಕಿಕೊಂಡು ಬಂದು, ಹಲ್ಲಿಯನ್ನು ಟವೆಲಿನಲ್ಲಿ ಹಿಡಿದು ಹೊರಗೆ ಒಯ್ದು ಬಿಡುತ್ತಿದ್ದ. ಯಾರ ಮುಂದೂ ಉಸಿರೆತ್ತಲಿಲ್ಲ. ವರ್ಷಗಟ್ಟಲೆ ಆ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದ, ಪುಣ್ಯಾತ್ಮ.

ಹಾಳು ಮಾಡಿಕೊಂಡವನು ಮಾಮಾನೇ. ಕೆಲಸದಿಂದ ನಿವೃತ್ತಿಯಾಗಿ ಊರಿಗೆ ಬಂದ ವರ್ಷ, ಎಂಬತ್ತೆರಡರ ಮಳೆಗಾಲ. ಚಹಾದ ಅಂಗಡಿಯಲ್ಲಿ ಜನ ಕಿಕ್ಕಿರಿದಿದ್ದರು. ಮಾಮಾ ಎಂದಿನ ಪುರಾಣ ತೆಗೆದು, ಮುರ್ತುಜಸಾಬನ ಕಡೆ ಕೈ ತೋರಿಸಿ, “ಈ ಬಡಿಗೇರ ಕೆಲಸ ಏನ್ ಮಹಾ ಬಿಡ್ರಿ. ಸಿಮೆಂಟ ಗಟ್ಟಿ ಆಗೂಮಟ ಹಲಗಿ, ಆಮ್ಯಾಲೆ ಒಲಿಗೆ” ಅಂದ. ಮುರ್ತುಜಸಾಬ ಬಸಿಯಲ್ಲಿದ್ದ ಚಹಾ ಮುಗಿಸಿದ. ಬಸಿ ಕೆಳಗಿಟ್ಟ. “ಹೊಳಿ ನಿಂದರಿಸಿದಿ, ಖರೆ. ಮೊನ್ನಿ ಬುಧವಾರ ಹಲ್ಲಿ ಯಾಕ ನಿಂದರಿಸಲಿಲ್ಲ? ಮಂಚ ಹತ್ತಿ ನಿಂತಿದ್ದೆಲ್ಲಾ?” ಅಂದ. ಅಷ್ಟಕ್ಕೇ ಬಿಡಲಿಲ್ಲ, ಧೋತರ ಎತ್ತಿಕೊಂಡು ಮಾಮಾ ನಿಂತ ರೀತಿಯನ್ನು ಬೆಂಚಿನ ಮೇಲೆ ಹತ್ತಿ ನಿಂತು ತೋರಿಸಿದ. ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ?

ಮರುದಿನದಿಂದ ಅವನ ಹೆಸರು ಹಲ್ಲಿ ರಾಚಪ್ಪ. ಓಣಿಯಲ್ಲಿ ಹೊರಟರೆ ಎಲ್ಲಿಂದಲೋ ಲೊಚ್ ಲೊಚ್ ಲೊಚ್ ಅಂತ ಬಾಯಿಯ ಸಪ್ಪಳ ಬರುವುದು. ತಿರುಗಿ ನೋಡಿದರೆ ಎಲ್ಲರ ಮುಖವೂ ಮಠದ ಸ್ವಾಮಿಗಳ ಮುಖ. ಮಾಮಾ ಮುರ್ತುಜಸಾಬನ ಸಂಗಡ ಮಾತು ಬಿಟ್ಟ. ಮಾತು ಬಿಟ್ಟರೆ ಸಾಲದೆಂದು ಮನೆಯನ್ನೇ ಕೆಡವಲು ನಿಂತ.

“ಕಲ್ಲು ಮಣ್ಣಿನ ಗೋಡಿಗೆ ಕಿವಿ ಇರ್ತಾವ. ಕಾಂಕ್ರೀಟಿಗೆ ಇರೂದಿಲ್ಲ. ಅಡಿಯಿಂದ ಮುಡಿತನಕಾ ಸುರದ ಗೋಡಿನ ಕಟ್ಟಸ್ತೇನಿ. ಹಲ್ಲಿ ಕೂಡಾಕ ಸಂದಿರಬಾರದು, ಮಾತು ದಾಟಾಕ ತೂತಿರಬಾರದು” ಎಂದು ಅಕ್ಕನ ಮುಂದೆ ಸಾರಿದ.

“ಕಿಂಡೀರಿ?” ಅಂದಳು ಅಕ್ಕ.

“ಕಿಂಡಿ ಗಿಂಡಿ ಏನೂ ಇಲ್ಲ. ಇರವಿ ಸೈತ ಆ ಕಡಿ ಹೋಗಬಾರದು.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಬಾಯಿ ಬಿಟ್ಟವನು ಮುರ್ತುಜಸಾಬ, ಬಾಯಿ ಮುಚ್ಚಿಸಿಕೊಂಡದ್ದು ಕಿಂಡಿ. ಅಕ್ಕ ಜಗಳ ಮಾಡಲಿಲ್ಲ. ಸುಮ್ಮನಾದಳು. ನಮ್ಮಕ್ಕ ಜಗಳ ಮಾಡಿದರೆ ಅಂಜಬೇಕಾಗಿಲ್ಲ, ಸುಮ್ಮನಾದರೆ ಅಂಜಬೇಕು. ಇದು ಅವಳ ತಮ್ಮನಾದ ನನಗೆ ಗೊತ್ತು. ಅವಳ ಗಂಡನಿಗೆ ಅಷ್ಟು ವರ್ಷವಾದರೂ ಗೊತ್ತಾಗಿರಲಿಲ್ಲ.

ಊರು ಬೇಡವೆಂದಿತು. ಆ ಕಡೆ ಬದಾಮಿಯ ಕಲ್ಲು, ಈ ಕಡೆ ಇಳಕಲ್ಲಿನ ಕಲ್ಲು, ನಡುವೆ ಕೂತು ಕಾಂಕ್ರೀಟಿನ ಗೋಡೆ ಕಟ್ಟಿಸುವುದೆಂದರೆ ಹೊಳೆಯ ದಂಡೆಯಲ್ಲಿ ಕೂತು ನೀರು ಕೊಂಡು ಕುಡಿದಂತೆ ಎಂದರು. ಬೇಸಿಗೆಯಲ್ಲಿ ಗೋಡೆಗೆ ರೊಟ್ಟಿ ಬಡಿದರೆ ಬೇಯುತ್ತದೆ ಎಂದರು. ಮಾಮಾ ಕೇಳಿದನೇ? ಸಿಮೆಂಟಿನ ಪರ್ಮಿಟ್ಟಿಗೆಂದು ಹುನಗುಂದಕ್ಕೂ ಬಾಗಲಕೋಟೆಗೂ ಬಸ್ಸು ಹತ್ತಿ ಇಳಿದು, ಕೊನೆಗೆ ಚೀಲಗಳನ್ನು ತಂದು ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಟ್ಟಿಸಿದ. ಅಂಗಡಿಯ ಸಕ್ಕರೆಯನ್ನು ಹೊರಗಿಟ್ಟೆ. ಇರುವೆಗಳಿಗೆ ಹಬ್ಬವಾಯಿತು.

ಹಳೆಯ ಗೋಡೆ ಕೆಡವಿದ ದಿನ ಅಲೀಮಾಳ ಒಲೆ, ಗಡಿಗೆ, ಬೀಸುವ ಕಲ್ಲು ಎಲ್ಲ ಬಯಲಾದವು. ನಡುವೆ ಜೋಳದ ದಂಟಿನ ತಡಿಕೆ ಕಟ್ಟಿದರು. ತಡಿಕೆಯಾಚೆ ಅಲೀಮಾ, ಈಚೆ ಅಕ್ಕ, ಗೋಡೆಯೇ ಇಲ್ಲದ ಆ ದಿನಗಳಲ್ಲಿ ಇಬ್ಬರೂ ಮಾತಾಡಿದ್ದೇ ಮಾತಾಡಿದ್ದು. ಹೋಗುವ ಜೀವದ ಹತ್ತಿರ ಮಾತಾಡಿಕೊಂಡ ಹಾಗೆ ಇತ್ತು. ನನಗೆ ಅದು ಸರಿಬರಲಿಲ್ಲ.

ಇಲ್ಲಿ ಸುರಿಯುವ ಗೋಡೆಯ ಒಂದು ಗುಣ ಹೇಳಬೇಕು. ಕಲ್ಲಿನ ಗೋಡೆಯನ್ನು ಒಂದೇ ಕಡೆ ನಿಂತು ಕಟ್ಟಬಹುದು. ಇದಕ್ಕೆ ಮಾತ್ರ ಎರಡೂ ಕಡೆ ಹಲಗೆ ಬೇಕು. ಒಂದು ಹಲಗೆ ನಿಮ್ಮ ಮನೆಯೊಳಗೆ ನಿಂತರೆ ಇನ್ನೊಂದು ಪಕ್ಕದವನ ಮನೆಯೊಳಗೆ ನಿಲ್ಲಬೇಕು. ಅಂದರೆ, ಯಾರ ಮುಖ ನೋಡಬಾರದೆಂದು ಗೋಡೆ ಹಾಕುತ್ತೀರೋ ಅವನ ಅಡುಗೆಮನೆಗೇ ಹೋಗಿ “ಹಲಗಿ ನಿಲ್ಲಸ್ಲಿ?” ಎಂದು ಕೇಳಬೇಕು. ಸಾಲದ್ದಕ್ಕೆ, ಹಲಗೆ ಕಟ್ಟುವ ಕೆಲಸ ಬಲ್ಲವನು ಕಮತಗಿಯಲ್ಲಿ ಒಬ್ಬನೇ ಇದ್ದ. ಮರೋಳದ ಕಡೆ ನೀರೆತ್ತುವ ಕೆಲಸ ನಡೆದಾಗ ಹೋಗಿ ಕೈ ಪಳಗಿಸಿಕೊಂಡಿದ್ದ ಮುರ್ತುಜಸಾಬ.

ಮುರ್ತುಜಸಾಬ ಒಂದೇ ಮಾತಿಗೆ ಒಪ್ಪಿದ. “ನನ್ನ ಮನಿಗೂ ಪುಕ್ಕಟ ಹೊಸಾ ಗೋಡಿ ಆತು. ಯಾವ ಖೋಡಿ ಒಲ್ಲೆ ಅಂತಾನ?” ಎಂದ. ಆದರೆ ಇಬ್ಬರೂ ಮಾತು ಬಿಟ್ಟವರಾದ್ದರಿಂದ ನಡುವಿನ ತಂತಿ ನಾನಾದೆ. ಅಂಗಡಿ ಮುಚ್ಚಿ ಬಂದು ನಿಲ್ಲಬೇಕು.

“ಈರ್ಯಾ, ಆ ಮನಷ್ಯಾಗ ಹೇಳು, ಹಲಗಿ ಸೊಟ್ಟ ಐತಿ.”

ಆ ಮನುಷ್ಯ ಮೊಳ ದೂರದಲ್ಲೇ ನಿಂತಿದ್ದಾನೆ. “ಈರಪ್ಪಣ್ಣಾ, ನಿಮ್ಮ ಮಾಮಾಗ ಹೇಳು, ಹಲಗಿ ನೆಟ್ಟಗ ಐತಿ. ಮಾರಿ ಸೊಟ್ಟ ಮಾಡಿ ನೋಡಿದ್ರ ಎಲ್ಲಾ ಸೊಟ್ಟ ಕಾಣತೈತಿ.”

“ಈರ್ಯಾ, ಮಾರಿ ಸುದ್ದಿ ಬ್ಯಾಡ ಅಂತ ಹೇಳು.”

“ಇಬ್ಬರೂ ನನ್ನ ಸುದ್ದಿ ಬಿಡ್ರಲೇ!” ಎಂದು ನಾನು ಒದರಿದೆ. ಆಗ ಮಾತ್ರ ಇಬ್ಬರೂ ಒಂದಾಗಿ, “ಯಾಕ ಸಿಟ್ಟಿಗೇಳ್ತಿ?” ಎಂದು ನನ್ನನ್ನೇ ಬೈದರು.

ಮಾಮಾ ಎಲ್ಲರಿಗೂ ಸಾರುತ್ತಿದ್ದ: “ಬೇಕಾದ್ದು ಈಗ ಹೇಳ್ರಿ. ಕೊಂಡಿ ಬೇಕೋ, ಗೂಟ ಬೇಕೋ, ದೀಪದ ಗೂಡು ಬೇಕೋ. ಸುರಿಯೂದರಾಗ ಇಟ್ರ ಇಟ್ಟಂಗ. ಆಮ್ಯಾಲೆ ಒಂದ ಮೊಳಿನೂ ಇಳಿಯೂದಿಲ್ಲ.” ಅಕ್ಕ ಆ ನಡುಗೋಡೆಯಲ್ಲಿ ಒಂದು ಗೂಡು ಕೇಳಿ ನೋಡಿದಳು. “ಆ ಗೋಡ್ಯಾಗ ಸೂಜಿ ಹೋಗೂವಷ್ಟೂ ಬಿಡೂದಿಲ್ಲ” ಎಂದ. ಅಂದೇ ಸಂಜೆ ಅಕ್ಕ ನನ್ನ ಅಂಗಡಿಗೆ ಬಂದಳು.

“ಎಣ್ಣಿ ಖಾಲಿ ಡಬ್ಬಿ ಐತೇನೋ? ಚೌಕಾನದ್ದು, ದೊಡ್ಡದು.”

“ಯಾಕಕ್ಕಾ?”

“ಡಬ್ಬಿ ಕೇಳೇನಿ, ಪ್ರಶ್ನಿ ಕೇಳಿಲ್ಲ.”

ಕೊಟ್ಟೆ. ಅದರ ಮೇಲೆ ನನ್ನ ಅಂಗಡಿಯ ಗುರುತು, ಕೆಂಪು ಬಣ್ಣದಲ್ಲಿ ‘ಈ’ ಎಂಬ ಅಕ್ಷರ, ದೊಡ್ಡದಾಗಿ ಬರೆದಿತ್ತು. ಅದನ್ನು ಉಜ್ಜಿ ಅಳಿಸಬೇಕೆಂಬ ಬುದ್ಧಿ ನಮ್ಮಿಬ್ಬರಿಗೂ ಬರಲಿಲ್ಲ.

ನಡುಗೋಡೆಗೆ ಸುರಿಯುವ ದಿನ. ಮಾಮಾ ಅಟ್ಟಣಿಗೆಯ ಮೇಲೆ ಹತ್ತಿ, ಕೈಯಲ್ಲಿ ಸರಳು ಹಿಡಿದು, ಹಲಗೆಗಳ ನಡುವೆ ತಿವಿಯುತ್ತ ನಿಂತಿದ್ದ. ಖಡಿ, ಉಸುಕು, ಸಿಮೆಂಟು ಕಲಸಿ ಬುಟ್ಟಿ ಬುಟ್ಟಿ ಮೇಲಕ್ಕೆ ಹೋಗುತ್ತಿತ್ತು. ಗೋಡೆ ಎದೆಮಟ್ಟಕ್ಕೆ ಬಂದಿತು. ಆಗ ಕೆಳಗಿನಿಂದ ಅಲೀಮಾ, ಬಲು ಮರ್ಯಾದೆಯಿಂದ, “ರಾಚಪ್ಪಣ್ಣಾರ, ನಿಮ್ಮ ಎಡಗಾಲ ಹಂತ್ಯಾಕ ಅದೇನ್ರಿ ಹರಿದಾಡಾಕತ್ತೈತಿ? ಹಲ್ಲಿ ಅದ ಏನ್ರಿ?” ಅಂದಳು.

ಅಷ್ಟೇ. ಅಟ್ಟಣಿಗೆಗೆ ಏಣಿ ಇತ್ತು, ಮಾಮಾ ಏಣಿಯನ್ನು ಕೇಳಲಿಲ್ಲ. ಒಂದೇ ಜಿಗಿತಕ್ಕೆ ಉಸುಕಿನ ಗುಂಪಿಯ ಮೇಲೆ ಬಿದ್ದು, ಅಲ್ಲಿಂದ ಎದ್ದು ಓಣಿಗೆ ಹೋಗಿ ನಿಂತ. ಹೋಗುತ್ತ ಹೋಗುತ್ತ, “ಹೊರಗಿಂದ ಗೋಡಿ ನೆಟ್ಟಗ ಐತೇನ್ ನೋಡ್ತೇನಿ” ಅಂದ. ಅವನು ಹೊರಗಿಂದ ನೋಡುವಷ್ಟರಲ್ಲಿ ಮುರ್ತುಜಸಾಬ, ಅಕ್ಕ ಮೊದಲೇ ಗುಟ್ಟಾಗಿ ದಾಟಿಸಿದ್ದ ಎಣ್ಣೆಯ ಡಬ್ಬಿಯನ್ನು ಹಲಗೆಗಳ ನಡುವೆ ಅಡ್ಡ ಮಲಗಿಸಿದ. ಕಾಂಕ್ರೀಟಿನ ಭಾರಕ್ಕೆ ಚಪ್ಪಟೆಯಾಗಬಾರದೆಂದು ಒಳಗೆ ಉಸುಕು ತುಂಬಿದ್ದ. ಅಲೀಮಾಳ ಕಡೆಯ ಹಲಗೆಗೆ ಡಬ್ಬಿ ಒತ್ತಿ ಕೂತಿತು. ಮಾಮಾನ ಕಡೆ ಒಂದು ಬೆರಳಿನಷ್ಟು ಜಾಗ ಬಿಟ್ಟ. ಹಲಗೆ ಬಿಚ್ಚಿದರೂ ಈ ಕಡೆ ಡಬ್ಬಿ ಕಾಣಬಾರದು, ತೆಳ್ಳಗೆ ಸಿಮೆಂಟಿನ ಹೊದಿಕೆ ಇರಬೇಕು, ಬೇಕಾದಾಗ ಒಂದು ಪೆಟ್ಟಿಗೆ ಒಡೆಯಬೇಕು ಎಂಬ ಲೆಕ್ಕ. ಅದರ ಮೇಲೆ ಬುಟ್ಟಿಗಳು ಬಿದ್ದವು. ಮಾಮಾ ಬರುವಷ್ಟರಲ್ಲಿ ಡಬ್ಬಿ ಮುಚ್ಚಿಹೋಗಿತ್ತು. ಹಲ್ಲಿ ಇತ್ತೋ ಇಲ್ಲವೋ, ಅಲೀಮಾಳನ್ನು ಕೇಳಬೇಕು. ನಾನು ಕೇಳಿದರೆ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುತ್ತಾಳೆ.

ಹಲಗೆ ಬಿಚ್ಚಿದ ಮೇಲೆ ಮಾಮಾನ ಸಂಭ್ರಮ ನೋಡಬೇಕಿತ್ತು. ಗೋಡೆಯನ್ನು ಎತ್ತಿನ ಬೆನ್ನು ಸವರಿದಂತೆ ಸವರಿದ. ಹಸಿ ಗೋಣಿಚೀಲ ಹೊದಿಸಿದ. ದಿನಾ ನೀರು ಕುಡಿಸಿದ. ಆಚೆ ಕಡೆ ಮುರ್ತುಜಸಾಬ ಡಬ್ಬಿಯ ತಗಡು ಕತ್ತರಿಸಿ ಉಸುಕು ಹೊರಗೆ ಹಾಕಿದ್ದ. ಮಾಮಾ ಒಂದು ದಿನ ಊರು ಬಿಟ್ಟು ಹೋದರೆ ಸಾಕು, ಈಚೆಯ ಹೊದಿಕೆ ಒಡೆದುಬಿಡುವುದು. ಆಮೇಲೆ ಅವನಿಗೆ ಕಾಣುವುದಿಲ್ಲವೇ ಎಂದು ನಾನು ಕೇಳಿದೆ. “ಅಲ್ಲೆ ಅಡಕಲು ಗಡಗಿ ನಿಲ್ಲಸ್ತೇನಿ. ಗಂಡಸೂರು ಗಡಗಿ ಹಿಂದ ಎಂದ ನೋಡ್ಯಾರ?” ಎಂದಳು ಅಕ್ಕ. ಗಡಿಗೆಯ ಮೇಲೆ ಗಡಿಗೆ ಪೇರಿಸಿ ನಿಲ್ಲಿಸಿಯೂ ನಿಲ್ಲಿಸಿದಳು.

ಮಾಮಾ ಮಾತ್ರ ಊರು ಬಿಡಲಿಲ್ಲ. ಗೋಡೆಗೆ ಯಾರು ನೀರು ಹಾಕಬೇಕು ಎಂದ. ನೀರು ಹಾಕುವುದು ಮುಗಿದ ಮೇಲೆ ಮುಂದಿನ ಕಟ್ಟೆಯ ಮೇಲೆ ಕೂತ. ಅಕ್ಕ ಹೊರಗೆ ಹೊರಟರೆ, “ಎಲ್ಲಿಗೆ?” ಎಂದ. ಹಾಗಾಗಿ ಇಬ್ಬರು ಹೆಂಗಸರಿಗೂ ಉಳಿದದ್ದು ಒಂದೇ ದಾರಿ. ಅಲೀಮಾ ಆ ಕಡೆಯಿಂದ ತಗಡಿಗೆ ಸೌಟಿನಿಂದ ಟಣ್ ಟಣ್ ಎನ್ನಿಸುವಳು, ಅಕ್ಕ ಗಡಿಗೆಗಳ ಹಿಂದೆ ಕೈ ಹಾಕಿ ಗೋಡೆಗೆ ಕುಟ್ಟುವಳು. ‘ಇದ್ದೀಯಾ?’ ‘ಇದ್ದೇನೆ.’ ಇದಕ್ಕಿಂತ ಹೆಚ್ಚು ಏನು ಮಾತಾಡಲು ಬರುತ್ತದೆ ಅದರಲ್ಲಿ?

“ಏನದು ಸಪ್ಪಳ?” ಎಂದು ಮಾಮಾ ಒಮ್ಮೆ ಕೇಳಿದ.

“ಗೋಡಿ ಗಟ್ಟಿ ಆಗಾಕತ್ತೈತೇನ್ರಿ ಮತ್ತ. ವರ್ಷಗಟ್ಟಲೆ ಗಟ್ಟಿ ಆಕ್ಕೋತನ ಇರತೈತಿ ಅಂತ ನೀವ ಅಂದಿದ್ರೆಲ್ಲಾ?”

ಮಾಮಾ ಆ ಮಾತನ್ನು ನುಂಗಿದ್ದಷ್ಟೇ ಅಲ್ಲ, ಚಹಾದ ಅಂಗಡಿಗೆ ಹೋಗಿ ಅಲ್ಲಿಯೂ ಹಂಚಿದ. “ನಮ್ಮ ಗೋಡಿ ಇನ್ನೂ ಬಲೀತೈತ್ರಿ, ಟಣ್ ಅಂತೈತಿ!” ನಾನು ಸಕ್ಕರೆ ತೂಗುವ ನೆವದಲ್ಲಿ ಒಳಗೆ ಹೋಗಿ ನಕ್ಕು ಬಂದೆ. ಆದರೆ ಅಕ್ಕನನ್ನು ನೋಡಿದರೆ ನಗು ಬರುತ್ತಿರಲಿಲ್ಲ. ಸೊರಗಿದ್ದಳು. ಹೊಸ ಮನೆಯಲ್ಲಿ ಅವಳ ದನಿ ಅವಳಿಗೇ ತಿರುಗಿ ಬರುತ್ತಿತ್ತು. ಮಾಮಾನನ್ನು ಬೈಯಬೇಕೆಂದು ಎರಡು ಸಲ ಹೋಗಿ ಎರಡು ಸಲ ಚಹಾ ಕುಡಿದು ಬಂದೆ.

ಎಂಬತ್ತನಾಲ್ಕರಲ್ಲಿ ಕೆಲಸವೆಲ್ಲ ಮುಗಿದ ಮೇಲೆ ಮನೆಯ ಒಕ್ಕಲು, ಅಂದರೆ ಗೃಹಪ್ರವೇಶ, ಇಟ್ಟುಕೊಂಡರು. ಇಳಕಲ್ಲಿನಿಂದ, ಬದಾಮಿಯಿಂದ ಬೀಗರು ಬಂದರು. ಅಯ್ಯನವರ ಪಾದಪೂಜೆ ಆಯಿತು, ಹಾಲು ಉಕ್ಕಿತು, ಹೋಳಿಗೆ ಆಯಿತು. ಮುರ್ತುಜಸಾಬನನ್ನು ಮಾಮಾ ಕರೆಯಲಿಲ್ಲ. ಗಂಡನನ್ನು ಕರೆಯದ ಮನೆಗೆ ಅಲೀಮಾ ಬರಲಿಲ್ಲ. ಊಟದ ನಂತರ ಮಾಮಾನ ಖೇಲು ಶುರುವಾಯಿತು. ಬಂದವರ ಕೈಗೆಲ್ಲ ಸುತ್ತಿಗೆ ಮೊಳೆ ಕೊಟ್ಟು, “ಹೊಡೀರಿ ನೋಡೂಣು” ಎನ್ನುವುದು. ಹೊಡೆದವರ ಮೊಳೆ ಡೊಂಕಾಗಿ ಬೀಳುವುದು. ಮಾಮಾ ಆ ಡೊಂಕು ಮೊಳೆಗಳನ್ನು ತಾಟಿನಲ್ಲಿ ಕೂಡಿಸಿಕೊಂಡು ಎಲೆ ಅಡಿಕೆಯಂತೆ ಎಲ್ಲರ ಮುಂದೆ ಹಿಡಿದು ತೋರಿಸುತ್ತಿದ್ದ. ಆ ಕಾಂಕ್ರೀಟಿನ ಮನೆಯಲ್ಲಿ ಅಂಗಿ ತೂಗುಹಾಕಲು ಒಂದು ಮೊಳೆ ಇಲ್ಲ, ಅವನ ರುಮಾಲು ಜೋಳದ ಚೀಲದ ಮೇಲೆ ಬಿದ್ದಿರುತ್ತದೆ ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ.

ಕಮ್ಮಾರ ಹುಲ್ಲಪ್ಪ ತನ್ನ ಕುಲುಮೆಯಲ್ಲೇ ಕಾಸಿ ಬಡಿದ ಒಂದು ಮೊಳೆ ತಂದಿದ್ದ. “ನನ್ನ ಮೊಳಿ ಬಾಗೂದಿಲ್ಲ. ಆದ್ರ ನಾ ಹೊಡದು ಗೋಡಿ ಒಡದ್ರ ನನ್ನ ಬೈತೀರಿ. ನೀವ ಹೊಡೀರಿ ಯಜಮಾನ್ರ” ಎಂದ.

“ತಾ ಇಲ್ಲೆ. ಎಲ್ಲಿ ಹೊಡೀಲಿ, ನೀನ ಹೇಳು.”

ಹುಲ್ಲಪ್ಪ ಸುತ್ತಲೂ ನೋಡಿದ. ಎಲ್ಲ ಕಡೆ ಜನ ಹೊಡೆದು ನೋಡಿದ ಗುರುತು. “ಆ ಗಡಗಿ ಹಿಂದ ಯಾರ ಕೈನೂ ಹತ್ತಿಲ್ಲ. ಅಲ್ಲೆ ಹೊಡೀರಿ.”

ಅಕ್ಕ ಮಗ್ಗುಲಿನಿಂದ ಬಂದೇಬಿಟ್ಟಳು. “ಅಲ್ಲೆ ಬ್ಯಾಡ್ರಿ, ಉಪ್ಪಿನಕಾಯಿ ಗಡಗಿ ಅದಾವ. ಮೈಲಿಗಿ ಆಕೈತಿ.”

“ಗಡಗಿ ತಗೀರಿ!” ಎಂದ ಮಾಮಾ. ತೆಗೆದರು. ಒಂದೊಂದು ಗಡಿಗೆ ಕೆಳಗಿಳಿದಾಗಲೂ ಅಕ್ಕನ ಮುಖ ಇಳಿಯಿತು. ನಾನು ಜನರ ಹಿಂದೆ ಸರಿದೆ.

ಮಾಮಾ ಮೊಳೆ ಇಟ್ಟು, ರುಮಾಲು ಸರಿಮಾಡಿಕೊಂಡು, ಸುತ್ತಿಗೆ ಎತ್ತಿ ಹೊಡೆದ. ಟಣ್! ಮೊಳೆ ಪೂರಾ ಒಳಗೆ ಹೋಯಿತು. ಬೆಣ್ಣೆಗೆ ಹೋದಂತೆ ಹೋಯಿತು. ಅದಕ್ಕೆ ಉತ್ತರವೆಂಬಂತೆ ಗೋಡೆಯೊಳಗಿನಿಂದ ಟಣ್ ಟಣ್ ಟಣ್ ಎಂದು ಮೂರು ಪೆಟ್ಟು ಬಂದವು. ಹಿಂದೆಯೇ, ಮೊಳೆಯ ಪೆಟ್ಟಿಗೆ ಬಿರುಕು ಬಿಟ್ಟ ಹೊದಿಕೆಯಿಂದ, ಹೆಂಗಸಿನ ದನಿ:

“ಏನವಾ ಅಕ್ಕಾ, ಹಾಲು ಉಕ್ಕಿತೇನ? ಮಂದಿಗೆ ಹೋಳಿಗಿ ಸಾಕಾದೂ?”

“ಗೋಡಿ ಹೋಳಿಗಿ ಕೇಳಾಕತ್ತೈತಲೇ!” ಎಂದು ಯಾರೋ ಕೂಗಿದರು. ನಗು ಎದ್ದದ್ದು ಓಣಿಯ ತುದಿಗೆ ಕೇಳಿಸಿತಂತೆ. ಮಾಮಾ ನಗಲಿಲ್ಲ. ಮೊಳೆಯ ಸುತ್ತ ಸುತ್ತಿಗೆಯಿಂದ ಬಡಿದ. ತೆಳು ಹೊದಿಕೆ ಉದುರಿ ತಗಡು ಕಂಡಿತು. ತಗಡಿನ ಮೇಲೆ ಕೆಂಪಗೆ ನನ್ನ ಅಕ್ಷರ. ತಿರುಗಿ ನನ್ನನ್ನೇ ನೋಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ನಾನು ಚಪ್ಪಲಿ ಹುಡುಕಿದೆ. ಅವನು ಹುಲ್ಲಪ್ಪನ ಉಳಿ ಕಸಿದುಕೊಂಡು ತಗಡು ಕತ್ತರಿಸಿ ಎಳೆದ. ಆಚೆ ಅಲೀಮಾ ಸೌಟು ಹಿಡಿದು ನಿಂತಿದ್ದಳು. ಅವಳ ಹಿಂದೆ ಮುರ್ತುಜಸಾಬ ರೊಟ್ಟಿ ಮುರಿಯುತ್ತ ಕೂತಿದ್ದ. ಇಬ್ಬರೂ ಗಂಡಸರು ಮುಖ ಮುಖ ನೋಡಿದರು.

“ಊಟ ಆತೇನ?” ಎಂದ ಮುರ್ತುಜಸಾಬ.

ಮಂದಿ ನಗುತ್ತ ನಗುತ್ತ ಚದುರಿದರು. ಉಳಿದವರು ಮಾಮಾ, ಅಕ್ಕ, ನಾನು. ನನ್ನನ್ನು ಮಾಮಾ ಬಿಡಲಿಲ್ಲ, “ನೀ ನಿಂದ್ರು. ನಿಂದು ಆಮ್ಯಾಲೆ” ಎಂದಿದ್ದ. ಅವನು ಯಾರನ್ನೂ ಬೈಯದೆ ತನ್ನ ಮನೆಯ ಹಿಂದಿನ ಕೋಣೆಗೆ ಹೋಗಿ ಉಳಿದಿದ್ದ ಅರ್ಧ ಚೀಲ ಸಿಮೆಂಟು ತಂದ. ಪರ್ಮಿಟ್ಟಿನಲ್ಲಿ ಬಂದದ್ದರಲ್ಲಿ ಅದೇ ಕೊನೆಯದು. ಖಡಿ, ಉಸುಕು ಹಾಕಿ, ನೀರು ಹನಿಸಿ ತಾನೇ ಕಲಸಿ ಬುಟ್ಟಿಗೆ ತುಂಬಿದ. ಕಿಂಡಿಯ ಮುಂದೆ ಬಂದು ನಿಂತವನಿಗೆ ಆಗ ಹೊಳೆಯಿತು. ಈ ಕಡೆಯಿಂದ ಹಾಕಿದರೆ ಆ ಕಡೆ ಅಲೀಮಾಳ ಒಲೆಯ ಮೇಲೆ ಬೀಳುತ್ತದೆ. ಹಲಗೆ ಬೇಕು. ಹಲಗೆ ಹಿಡಿಯುವವನು ಬೇಕು.

“ಈರ್ಯಾ, ಆ ಮನಷ್ಯಾಗ ಹೇಳು…”

“ನಾ ಹೇಳೂದಿಲ್ಲ. ಹೇಳಿ ಹೇಳಿ ನನಗ ಸಾಕಾಗೈತಿ. ಬಾಯಿ ಐತಿ, ತೂತೂ ಐತಿ, ನೀವ ಒದರ್ರಿ!” ಎಂದೆ. ನನಗೂ ಸಿಟ್ಟು ಬರುವುದಿಲ್ಲವೇ?

ಮಾಮಾ ಕಿಂಡಿಯತ್ತ ಬಗ್ಗಿದ. “ಸಾಬಾ. ಹಲಗಿ ಹಿಡಿ.”

ಮುರ್ತುಜಸಾಬ ಕೈ ತೊಳೆದು ಎದ್ದ. ಜೋಕು ಮಾಡಲಿಲ್ಲ. ಹಲಗೆ ತಂದು ಆಚೆಯಿಂದ ಒತ್ತಿ ಹಿಡಿದ. ಕಿಂಡಿ ಕತ್ತಲಾಯಿತು. “ಹಿಡದೇನಿ. ಸುರಿ” ಎಂದ.

ಮಾಮಾ ಬುಟ್ಟಿ ಎತ್ತಿದ. ಅಕ್ಕ ನಡುವೆ ಬಂದು ನಿಂತಳು.

“ಒಂದ ಮಾತು ಕೇಳಿ ಸುರೀರಿ. ನೀವು ಹೊಳಿ ಕಾಯಾಕ ಹೋದ್ರಿ. ನನ್ನ ಯಾರ ಕಾಯ್ದ್ರು? ಚೊಚ್ಚಲ ಬ್ಯಾನಿ ಎದ್ದಾಗ ನಾ ಒದರಿದ್ದು ಈ ಕಿಂಡ್ಯಾಗ. ಕೂಸಿಗೆ ಗಂಟಲ ಕಟ್ಟಿದಾಗ ಒದರಿದ್ದು ಈ ಕಿಂಡ್ಯಾಗ. ನಿಮ್ಮವ್ವ ನನ್ನ ತೊಡಿ ಮ್ಯಾಲೆ ಜೀವಾ ಬಿಟ್ಟಾಗ ಅತ್ತಿದ್ದೂ ಈ ಕಿಂಡ್ಯಾಗ. ಅಲೀಮಾ ಒಂದ ದಿನ ಆಮ್ಯಾಲೆ ಬರ್ತೇನಿ ಅನ್ನಲಿಲ್ಲ. ಮನಿ ಮನಿ ತಿರಗಬ್ಯಾಡ ಅಂದ್ರಿ, ತಿರಗಲಿಲ್ಲ. ನಿಮಗ ಹಲ್ಲಿ ಕಂಡ್ರ ಅಂಜಿಕಿ. ನನಗ ಈ ಕಿವುಡ ಗೋಡಿ ಕಂಡ್ರ ಅಂಜಿಕಿ. ಇದನ್ನ ಮುಚ್ಚಿದ್ರ ನಾ ಈ ಮನ್ಯಾಗ ಇದ್ದೂ ಇಲ್ಲದಂಗ ಆಕ್ಕೇನಿ.”

ಲೊಚ್ ಲೊಚ್ ಲೊಚ್.

ಹಲ್ಲಿ ನುಡಿದರೆ ಆಡಿದ ಮಾತು ಖರೆ ಎಂದು ನಮ್ಮ ಕಡೆ ನಂಬುತ್ತಾರಲ್ಲ. ಅಕ್ಕ ಬಗ್ಗಿ ನೆಲಕ್ಕೆ ಬೆರಳು ತಟ್ಟಿದಳು. “ಖರೆ ಅಂತು, ನೋಡ್ರಿ.”

ಮಾಮಾ ಆಗಲೇ ಬುಟ್ಟಿ ಬಿಟ್ಟು ಮಂಚದ ಮೇಲಿದ್ದ. “ಎಲ್ಲೈತದು? ಸಾಬಾ, ಎಲ್ಲೈತಿ?”

“ಹಲಗಿ ಹಿಡದಾಂವಗ ಹೆಂಗ ಕಾಣಬೇಕು?” ಎಂದು ಆಚೆಯಿಂದ ಬಂತು. “ನನ್ನ ಕಡಿನೋ ನಿನ್ನ ಕಡಿನೋ. ಹಲಗಿ ಬಿಟ್ಟು ನೋಡ್ಲೇನು?”

“ಹಲಗಿ ಬಿಡಬ್ಯಾಡ!”

“ಹಂಗಾರ ಬಂದು ಸುರಿ.”

“ಮೊದ್ಲ ಅದನ್ನ ಹಿಡಿ!”

“ಎರಡು ಕೈ ಅದಾವಲೇ ರಾಚ್ಯಾ, ನಾಕಿಲ್ಲ. ಹಲಗಿ ಹಿಡೀಲೋ, ಹಲ್ಲಿ ಹಿಡೀಲೋ? ಒಂದ ಹೇಳು.”

ಅಲ್ಲಿಂದ ಶುರುವಾಯಿತು ನೋಡಿ! ಎರಡು ವರ್ಷದ ಬಾಕಿ ಮಾತೆಲ್ಲ ಹೊರಗೆ ಬಂತು. ಚಹಾದ ಅಂಗಡಿಯಲ್ಲಿ ಮಾನ ಕಳೆದವನು ನೀನು ಎಂದು ಇವನು. ನನ್ನ ಕಸುಬು ಒಲೆಗೆ ಹಾಕು ಎಂದವನು ನೀನು ಎಂದು ಅವನು. ನಿನ್ನ ಮಗಳ ಮದುವೆಯ ಮಂಚ ಯಾರು ಮಾಡಿದರು? ನಿನ್ನ ಮಗನಿಗೆ ಆಣೆಕಟ್ಟಿನಲ್ಲಿ ಕೆಲಸ ಯಾರು ಹೇಳಿದರು? ಒಬ್ಬ ಮಂಚದ ಮೇಲೆ ನಿಂತು, ಇನ್ನೊಬ್ಬ ಹಲಗೆಗೆ ಹೆಗಲು ಕೊಟ್ಟು. ನಡುವೆ ಅಲೀಮಾ ಗಂಡನ ಬಾಯಿಗೆ ಚಹಾದ ಬಸಿ ಹಿಡಿದಿದ್ದು ಸಪ್ಪಳದಿಂದ ಗೊತ್ತಾಯಿತು. ಅಕ್ಕನೂ ಚಹಾ ಮಾಡಿ ಮಂಚದ ಮೇಲಕ್ಕೆ ಕೊಟ್ಟಳು. ಬಿಸಿಲು ಅಂಗಳ ದಾಟಿ ಗೋಡೆ ಏರಿತು.

ಕೊನೆಗೆ ಅಕ್ಕ ಬುಟ್ಟಿಯ ಹತ್ತಿರ ಕೂತು ಬೆರಳಿನಿಂದ ಒತ್ತಿ ನೋಡಿದಳು. ಬೆರಳು ಇಳಿಯಲಿಲ್ಲ.

“ಇದು ಇನ್ನ ಯಾರಪ್ಪನ ಮಾತೂ ಕೇಳೂದಿಲ್ರಿ” ಎಂದಳು.

ಮಾಮಾ ಬುಟ್ಟಿ ನೋಡಿದ. ಕಿಂಡಿ ನೋಡಿದ. ಅಕ್ಕನ ಮುಖ ನೋಡಿದ, ಅದನ್ನು ಅವನು ಸರಿಯಾಗಿ ನೋಡಿದ್ದು ಅಂದೇ ಮೊದಲಿರಬೇಕು. ಮಂಚದ ಮೇಲಿನಿಂದಲೇ ಸಣ್ಣ ದನಿಯಲ್ಲಿ ಹೇಳಿದ:

“ಸಾಬಾ. ಹಲಗಿ ಬಿಡು. ಹಲ್ಲಿ ಹಿಡಿ.”

ಮುರ್ತುಜಸಾಬ ಟವೆಲು ಹಾಕಿಕೊಂಡು ಮುಂಬಾಗಿಲಿನಿಂದ ಬಂದ. ಮೂಲೆಯಲ್ಲಿ ಬಗ್ಗಿ, ಟವೆಲು ಬೀಸಿ, ಏನನ್ನೋ ಮುದುಡಿ ಹಿಡಿದು ಹೊರಗೆ ಒಯ್ದ. ಹಲ್ಲಿಯ ಬಾಲವನ್ನೂ ನಾವು ಯಾರೂ ಕಾಣಲಿಲ್ಲ. ಆ ಲೊಚ್ ಲೊಚ್ ಹಲಗೆಯ ಹಿಂದಿನ ಯಾವ ಬಾಯಿಯದು ಎಂದು ನನಗೆ ಈಗಲೂ ಸಂಶಯವಿದೆ. ಅವನು ಅಲ್ಲಾನ ಆಣೆ ಮಾಡುವುದಿಲ್ಲ, ಅಷ್ಟರ ಮೇಲೆ ತಿಳಿದುಕೊಳ್ಳಿ.

ಮರುವಾರ ಅದೇ ಹಲಗೆಯನ್ನು ಕೊಯ್ದು ಮುರ್ತುಜಸಾಬ ಕಿಂಡಿಗೊಂದು ಪುಟ್ಟ ಬಾಗಿಲು ಮಾಡಿದ. “ಚಿಲಕ ಯಾರ ಕಡಿ ಇಡ್ಲಿ?” ಎಂದು ಕೇಳಿದ. ಮಾಮಾ ಬಾಯಿ ತೆಗೆಯುವ ಮೊದಲೇ ಎರಡೂ ಅಡುಗೆಮನೆಯಿಂದ “ಯಾರ ಕಡಿನೂ ಬ್ಯಾಡ” ಎಂದು ಬಂತು. ಬುಟ್ಟಿಯಲ್ಲಿ ಗಟ್ಟಿಯಾದ ಕಾಂಕ್ರೀಟಿನ ಗುಂಡು ಈಗ ಹಿತ್ತಲಲ್ಲಿದೆ, ಅಕ್ಕ ಅದರ ಮೇಲೆ ಅರಿವೆ ಒಗೆಯುತ್ತಾಳೆ.

ಹುಲ್ಲಪ್ಪನ ಮೊಳೆಯನ್ನು ಆ ಬಾಗಿಲಿಗೇ ಹೊಡೆದರು. ಅಷ್ಟು ದೊಡ್ಡ ಮನೆಯಲ್ಲಿ ಮೊಳೆ ಹಿಡಿಯುವ ಜಾಗ ಅದೊಂದೇ. ಮಾಮಾನ ರುಮಾಲು ಜೋಳದ ಚೀಲ ಬಿಟ್ಟು ಅಲ್ಲಿಗೆ ಬಂದಿತು. ಹಾಗಾಗಿ ಕಿಂಡಿ ತೆರೆಯಬೇಕೆಂದರೆ ಮೊದಲು ಅವನ ರುಮಾಲು ತೆಗೆಯಬೇಕು. ಅವನ ರುಮಾಲನ್ನು ಬೇರೆಯವರು ಮುಟ್ಟಿದರೆ ಅವನಿಗೆ ನಡೆಯುವುದಿಲ್ಲ, ಮೊಂಡ ಎಂದೆನಲ್ಲ? ಅಲೀಮಾ ಆ ಕಡೆಯಿಂದ ಸೌಟು ಕುಟ್ಟಿದರೆ ಮನೆಯಲ್ಲಿ ಮೊದಲು ಏಳುವವನು ಅವನೇ. ಗೊಣಗುತ್ತ ಎದ್ದು, ರುಮಾಲು ತೆಗೆದು ತಲೆಗೆ ಸುತ್ತಿಕೊಂಡು, ಹಿತ್ತಲಿನ ಕಡೆ ಮುಖ ಮಾಡಿ ಕೂಗುತ್ತಾನೆ:

“ಬಾ ಇಲ್ಲೆ, ಲಗೂನ. ನಿನ್ನ ಗೋಡಿ ಕರಿಯಾಕತ್ತೈತಿ.”